ಆಮೆ ಓಡದು

"ಆಮೆ ಓಡದು!"

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಎಲ್ಲರ ಮುಂದೆ ಆ ಮಾತು ಬಿದ್ದಾಗ ರಜನಿ ಟೀಚರ್ ಕಿವಿ ಕೆಂಪಾಯಿತು. ಅಂದವನು ಮಂಡಿಯ ವ್ಯಾನ್ ಡ್ರೈವರ್ ಕದಿರೇಶ. ಕ್ರೇಟು ಇಳಿಸುತ್ತಿದ್ದವನು ನೆಟ್ಟಗೆ ನಿಂತು ಗಟ್ಟಿಯಾಗಿಯೇ ಅಂದ. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅವನೊಬ್ಬ ನಗದೆ ಅವಳನ್ನೇ ನೋಡುತ್ತಿದ್ದ. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಅವಳು ಮಂಡಿಗೆ ಬಂದದ್ದು ಮಕ್ಕಳಿಗಾಗಿ. ಕಾಯಿ ಆರಿಸಲು ಬಂದು ಇಲ್ಲೇ ನೆಲೆನಿಂತ ಕೂಲಿ ಕುಟುಂಬಗಳು ಮಂಡಿಯ ಹಿಂದೆ ಟಾರ್ಪಾಲಿನ ಕೆಳಗೆ ಬದುಕುತ್ತಿದ್ದವು. ಅಲ್ಲಿನ ಮಕ್ಕಳು ಒಪ್ಪೊತ್ತು ಉಂಡು, ದಿನವಿಡೀ ಲಾರಿಗಳ ನಡುವೆ ಆಡುತ್ತಿದ್ದರು. ಸ್ಕೂಲಿಗೆ ಬಂದರೆ ಅಕ್ಷರವೂ ಉಂಟು, ಬಿಸಿಯೂಟವೂ ಉಂಟು. ಆದರೆ ದೂರದ ಸ್ಕೂಲಿಗೆ, ಲಾರಿ ಓಡಾಡುವ ಹೆದ್ದಾರಿಯಲ್ಲಿ ಅವರನ್ನು ಕರೆತರುವವರು ಯಾರು?

"ಒಂದು ವ್ಯಾನು ಕೊಡಿ," ಎಂದು ಮಂಡಿಯ ಯಜಮಾನ ವೇಣುಗೋಪಾಲ್ ಅವರನ್ನು ಕೇಳಿದ್ದಳು.

ಅವರು ಮೀಸೆಯಡಿ ನಕ್ಕಿದ್ದರು. "ಚಳಿಗಾಲಕ್ಕೆ ಕೋಲಾರದಲ್ಲಿ ಬಡಮಕ್ಕಳಿಗೋಸ್ಕರ ಮ್ಯಾರಥಾನ್ ಅಂತೆ ಮೇಡಂ. ನಲವತ್ತೆರಡು ಕಿಲೋಮೀಟರ್. ಓಡಿ ಮುಗಿಸಿ, ವರ್ಷಪೂರ್ತಿ ನನ್ನ ವ್ಯಾನು ನಿಮ್ಮ ಮಕ್ಕಳದ್ದು."

ರಜನಿಗೆ ನಲವತ್ತರ ಹತ್ತಿರ ವಯಸ್ಸು. ಮಂಡ್ಯದ ಕಡೆಯಿಂದ ವರ್ಗವಾಗಿ ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ಹೊರಡುವ ಬಸ್ಸಿನ ಹಿಂದೆಯೂ ಓಡಿದವಳಲ್ಲ.

"ಮುಗಿಸ್ತೀನಿ," ಎಂದಳು.

ಆಗಲೇ ಆ ಡ್ರೈವರ್ ಬಾಯಿ ಹಾಕಿದ್ದು. ಆಮೆಯಂತೆ ಆಮೆ!

ಮರುದಿನದಿಂದಲೇ ಅವಳು ಮಾವಿನ ತೋಪಿನ ರಸ್ತೆಯಲ್ಲಿ ಓಡತೊಡಗಿದಳು. "ಮದ್ವೆ ಇಲ್ಲ, ಮಕ್ಕಳಿಲ್ಲ, ಈಗ ಓಟ ಬೇರೆ," ಎಂದು ಊರು ಆಡಿಕೊಂಡಿತು. ಅವಳು ಕೇಳಿಸಿಕೊಂಡೇ ಓಡಿದಳು. ಬೆಳಗಿನ ಲೋಡಿಗೆ ಹೋಗುವ ಕದಿರೇಶ ಅವಳ ಪಕ್ಕ ವ್ಯಾನು ನಿಧಾನಿಸಿ ಮಜ್ಜಿಗೆ ಬಾಟಲಿ ಚಾಚುತ್ತಿದ್ದ.

"ನಿಮ್ಮ ಮಜ್ಜಿಗೆ ನೀವೇ ಕುಡೀರಿ."

"ಉಪ್ಪು ಜಾಸ್ತಿ ಆಯ್ತಾ ಮೇಡಂ?"

"ಕೊಬ್ಬು ಜಾಸ್ತಿ ಆಯ್ತು."

"ಮಜ್ಜಿಗೇಲಾ?"

"ನಿಮ್ಮಲ್ಲಿ!"

ನಕ್ಕರೆ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅಮ್ಮ ಮುತ್ಯಾಲಮ್ಮನ ಜೊತೆ ಇದ್ದಾನೆ ಎಂದು ಯಾರೋ ಹೇಳಿದ್ದರು. ಅವನು ಗಡ್ಡ ಬೋಳಿಸಿ ಬಂದ ದಿನ ತನಗೆ ಅದು ಗೊತ್ತಾಗುತ್ತದಲ್ಲ ಎಂದು ರಜನಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಮ್ಯಾರಥಾನಿನ ದಿನ ಕೋಲಾರದಲ್ಲಿ, ಓಟಗಾರರ ಸಾಲಿನ ಹಿಂದೆ ಅದೇ ವ್ಯಾನು ನಿಂತಿತ್ತು.

"ನೀವಿಲ್ಲೂ ಬಂದ್ರಾ?"

"ಓಡೋಕಾಗ್ದೆ ಕೂತೋರನ್ನ ಹತ್ತಿಸ್ಕೊಳ್ಳೋ ಡ್ಯೂಟಿ ಮೇಡಂ. ಕೊನೇಲಿರೋರ ಹಿಂದೆ ಬರ್ಬೇಕಂತೆ."

"ಹಾಗಾದ್ರೆ ದಿನವೆಲ್ಲಾ ನನ್ನ ಹಿಂದೆ."

"ಅದಕ್ಕೇ ಒಪ್ಕೊಂಡಿದ್ದು," ಎಂದು ಮೆಲ್ಲಗೆ ಹೇಳಿ ಕನ್ನಡಿ ಒರೆಸತೊಡಗಿದ.

ಶ್ರೀನಿವಾಸಪುರದ ರಸ್ತೆಯಲ್ಲಿ ಅರ್ಧ ಓಡಿ, ತಿರುಗಿ ಕೋಲಾರಕ್ಕೆ ಮರಳಬೇಕು. ತಿರುಗುವ ಹೊತ್ತಿಗೇ ಉಳಿದವರೆಲ್ಲ ಮುಂದೆ ಹೋಗಿದ್ದರು. ಬಿಸಿಲು ನೆತ್ತಿಗೆ ಬಂತು. ದಣಿದು ಕೂತವರೆಲ್ಲ ವ್ಯಾನು ಹತ್ತಿದರು. ಕೊನೆಗೆ ರಜನಿಯ ಕಾಲಿನ ಮೀನಖಂಡ ಸೆಟೆದುಕೊಂಡಿತು; ಅವಳು ರಸ್ತೆಯ ನಡುವೆ ಕಂಬದಂತೆ ನಿಂತುಬಿಟ್ಟಳು. ಹಿಂದೆ ವ್ಯಾನೂ ನಿಂತಿತು.

ಅವಳು ತಿರುಗಿ ಕೂಗಿದಳು. "ಖುಷೀನಾ? ಆಮೆ ಓಡದು ಅಂದಿದ್ರಲ್ಲ? ನೋಡಿ, ಓಡ್ತಿಲ್ಲ ಆಮೆ!"

"ಯಾವ ಆಮೆ?"

"ನಾನೇ! ಮಂಡೀಲಿ ಎಲ್ಲರ ಮುಂದೆ ಅಂದ್ರಲ್ಲ!"

ಕದಿರೇಶ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಹಣೆ ಚಚ್ಚಿಕೊಂಡ. "ಅಯ್ಯೋ ದೇವ್ರೇ! ಅದು ತೆಲುಗು ಮೇಡಂ, ನಮ್ಮನೆ ಮಾತು. ಆಮೆ ಅಂದ್ರೆ ಆ ಹೆಣ್ಮಗಳು. ಓಡದು ಅಂದ್ರೆ ಸೋಲಲ್ಲ. 'ಅವರು ಸೋಲಲ್ಲ' ಅಂದೆ. ಯಜಮಾನ್ರಿಗೇ ಎದುರು ಮಾತಾಡ್ದೆ ಅಂತ ಎಲ್ರೂ ನಕ್ಕಿದ್ದು."

"ಹೌದಮ್ಮ, ಅಷ್ಟೇ ಅರ್ಥ," ಎಂದು ವ್ಯಾನಿನೊಳಗಿಂದ ಯಾರೋ ಸಾಕ್ಷಿ ಹೇಳಿದರು.

ರಜನಿಗೆ ತೆಲುಗಿನಲ್ಲಿ ಬಾ, ಕೂರು ಎನ್ನುವ 'ರಾ', 'ಕೂಚೋ' ಬಿಟ್ಟು ಬೇರೇನೂ ಬಾರದು. ಇಷ್ಟು ದಿನ ಯಾವ ಸಿಟ್ಟಿನ ಮೇಲೆ ಓಡಿದ್ದಳೋ ಆ ಸಿಟ್ಟೇ ಸುಳ್ಳಾಗಿತ್ತು.

"ದಿನಾ ಬೈತಿದ್ದೆನಲ್ರೀ ನಿಮ್ಮನ್ನ! ಯಾಕೆ ಅಂತ ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನಿಲ್ಲಿಸಿಬಿಡ್ತೀರೇನೋ ಅಂತ ಹೆದರಿಕೆ. ಬೈಯೋಕಾದ್ರೂ ದಿನಾ ಮಾತಾಡ್ತಿದ್ರಲ್ಲ."

ಅವಳ ಮುಖ ಬಿಸಿಲಿಗಿಂತ ಹೆಚ್ಚು ಕೆಂಪಾಯಿತು.

ಅಷ್ಟರಲ್ಲಿ ಓಟ ನಡೆಸುವವರ ಕಡೆಯ ಶಿವಕುಮಾರ್ ಬೈಕಿನಲ್ಲಿ ಬಂದ. "ಟೈಮ್ ಮುಗೀತು ಮೇಡಂ. ಕದಿರೇಶಣ್ಣ, ಹತ್ತಿಸ್ಕೊಳ್ಳಿ."

"ಕೂತೋರನ್ನ ಹತ್ತಿಸ್ಕೋ ಅಂದಿದ್ದೀರಿ," ಎಂದ ಕದಿರೇಶ. "ಇವರು ನಿಂತಿದ್ದಾರೆ."

"ಅಣ್ಣಾ, ರೂಲ್ಸು..."

"ನಿಮ್ಮ ಟೈಮು ನೀವಿಟ್ಕೊಳ್ಳಿ," ಎಂದಳು ರಜನಿ. "ರಸ್ತೆ ಯಾರಪ್ಪಂದೂ ಅಲ್ಲ."

ಕಾಲೆಳೆಯುತ್ತಾ ಹೊರಟಳು. ನಡೆದಳು, ಕುಂಟಿದಳು, ಮತ್ತೆ ಓಡಿದಳು. ಕದಿರೇಶ ಹಾರ್ನ್ ಹೊಡೆಯದೆ, ಲಾರಿಗಳು ಅವಳ ಮೇಲೆ ಬಾರದಂತೆ ಅಡ್ಡವಾಗಿ ಹಿಂದೆಯೇ ಬಂದ.

ಕೋಲಾರ ಮುಟ್ಟಿದಾಗ ಶಾಮಿಯಾನ ಕೀಳುತ್ತಿದ್ದರು. ನೆಲದ ಮೇಲೆ ಸುಣ್ಣದ ಗೆರೆಯೊಂದು ಉಳಿದಿತ್ತು. ರಜನಿ ಅದನ್ನು ದಾಟಿದಳು. ವ್ಯಾನಿನಲ್ಲಿದ್ದವರು ಕೇಕೆ ಹಾಕಿದರು.

ಓಟ ನೋಡಲು ಬಂದಿದ್ದ ವೇಣುಗೋಪಾಲ್ ಕುರ್ಚಿಯಿಂದೆದ್ದು ಬಂದರು. "ಟೈಮ್ ಆಗೋಗಿತ್ತಲ್ಲ ಮೇಡಂ."

"ಓಡಿ ಮುಗಿಸಿ ಅಂದ್ರಿ. ಎಷ್ಟೊತ್ತಿಗೆ ಅಂದಿದ್ರಾ? ಮಾತು ತಪ್ಪೋದಾದ್ರೆ ಇಲ್ಲೇ, ಇಷ್ಟು ಜನರ ಮುಂದೆ ತಪ್ಪಿ."

ಅವರು ಅವಳ ಊದಿದ ಕಾಲನ್ನು ನೋಡಿದರು. ನಗಲಿಲ್ಲ. "ತಗೊಳ್ಳಿ ತಾಯಿ, ವ್ಯಾನು ನಿಮ್ಮದು. ಸೋಮವಾರವೇ ಬರುತ್ತೆ. ಆದ್ರೆ ನಿಮ್ಮ ಬಾಯಿ ತಡ್ಕೊಳ್ಳೋ ಡ್ರೈವರ್ ಯಾರಿದ್ದಾರೆ?"

"ನಾನಿದ್ದೀನಿ," ಎಂದ ಕದಿರೇಶ.

ರಜನಿ ಅವನ ಕಡೆ ತಿರುಗಿದಳು. "ಬರೀ ವ್ಯಾನಿಗಾ?"

"ಅಂದ್ರೆ?"

"ಮದ್ವೆ ಆಗ್ತೀರಾ ಅಂತ ಕೇಳ್ತಿದ್ದೀನಿ. ಬೇಗ ಹೇಳಿ, ಕಾಲು ನಿಲ್ತಿಲ್ಲ."

"ಮೇಡಂ, ಎಲ್ರೂ ನೋಡ್ತಿದ್ದಾರೆ..."

"ನೋಡ್ಲಿ."

"ಅಮ್ಮನ್ನ ಒಂದು ಮಾತು..."

"ಅಮ್ಮನ್ನ ನಾನೇ ಒಪ್ಪಿಸ್ತೀನಿ. ಈಗ ಕೇಳಿದ್ದು ನಿಮ್ಮನ್ನ."

ಅವನ ಎಡಗೆನ್ನೆಯ ಗುಳಿ ನಿಧಾನವಾಗಿ ಮೂಡಿತು. "ಆಗ್ತೀನಿ ಕಣ್ರೀ."

ಅವಳು ಕುಂಟುತ್ತಾ ಅವನತ್ತ ಒಂದು ಹೆಜ್ಜೆ ಇಟ್ಟಳು. ಕದಿರೇಶ ತೋಳು ಕೊಟ್ಟು ಹಿಡಿದ. ಶಾಮಿಯಾನದವರು ಕೈಯಲ್ಲಿದ್ದ ಬಿದಿರ ಗಳ ಬಿಟ್ಟು ನೋಡುತ್ತಾ ನಿಂತರು. ರಜನಿ ಯಾರ ಮುಖವನ್ನೂ ನೋಡದೆ, ಅವನ ಹೆಗಲಿಗೆ ತಲೆಯಿಟ್ಟು, ತನ್ನ ಭಾರವನ್ನೆಲ್ಲ ಅವನ ಮೇಲೆ ಬಿಟ್ಟಳು.