ಪಿಟೀಲಿನ ಬೆನ್ನ ಮೇಲಿನ ಗೀರು

"ನಡುವ ಒಬ್ಬರನ್ನ ಬಿಟ್ಟ್ರಿ!"

ಹಾನಗಲ್ಲಿನ ಸಂಗೀತ ಸಭೆ ತಟ್ಟನೆ ಹಿಂದಿರುಗಿ ನೋಡಿತು. ಎದ್ದು ನಿಂತವಳು ಹಿರೇಬೆಂಡಿಗೇರಿಯ ಸುಧಾರಾಣಿ.

ವೇದಿಕೆಯ ಮೇಲೆ ಸವಣೂರಿನ ಸುಶೀಂದ್ರ ತಬ್ಬಿಬ್ಬಾದ. ಇಟಲಿಯಲ್ಲಿ ಮಾಡಿದ ಆ ಅಪರೂಪದ ಪಿಟೀಲು ಗೋವಾದ ಪಾದ್ರಿಯೊಬ್ಬರಿಂದ ತನ್ನ ಮುತ್ತಜ್ಜನಿಗೆ, ಆಮೇಲೆ ಅಜ್ಜ ರಾಘಣ್ಣನಿಗೆ, ಈಗ ತನಗೆ ಬಂದ ಕಥೆಯನ್ನು ಆಗಷ್ಟೇ ಹೇಳಿದ್ದ. ಅದರ ಬೆನ್ನ ಮೇಲಿನ ಗೀರನ್ನು ಮುಂಬೈಯಲ್ಲಿ ಉಜ್ಜಿ ತೆಗೆಸುತ್ತೇನೆ ಎಂದೂ ಹೇಳಿದ್ದ.

ಆ ಮಾತೇ ಅವಳನ್ನು ಎಬ್ಬಿಸಿತ್ತು.

"ಯಾರನ್ನ ಬಿಟ್ಟೇನ್ರೀ?"

"ನಮ್ಮಜ್ಜ ಫಕ್ಕೀರಪ್ಪನ್ನ! ತಮ್ಮ ಬೆರಳು ಮಡಚದಂಗಾದಾಗ ನಿಮ್ಮಜ್ಜಾರು ಗೆಳ್ಯಾಗ ಅಂತ ಅವಗ ಕೊಟ್ಟಿದ್ರು. ನಮ್ಮಜ್ಜ ಕೈ ನಡುಗೂತನಕ ಬಾರಿಸಿ, ತಾನ ಹೋಗಿ ತಿರುಗಿ ಕೊಟ್ಟು ಬಂದ."

"ಅಂದ್ರ… ಪಿಟೀಲು ನಿಮ್ಮದು ಅಂತೀರೇನು?" ಆತನ ಮುಖ ಬಿಗಿಯಿತು.

ಅವಳು ಸರಸರನೆ ವೇದಿಕೆ ಹತ್ತಿದಳು. "ಪಿಟೀಲಿನ ಬೆನ್ನು ಈ ಕಡೆ ಹಿಡೀರಿ."

ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆಯಿತ್ತು. ಒಳಗಿನ ಇಷ್ಟಲಿಂಗ ಅವಳದು, ಕರಡಿಗೆ ಅಜ್ಜನದು. ಅದನ್ನು ತೆಗೆಯದೆ, ಬಾಗಿ, ಗೀರಿನ ಮೇಲೆ ಇಟ್ಟಳು. ಅಂಚಿಗೆ ಅಂಚು ಕೂಡಿತು! ಅಜ್ಜ ಎದೆಗೊತ್ತಿ ಬಾರಿಸಿದ ಅಷ್ಟೂ ವರ್ಷ ಕರಡಿಗೆ ಉಜ್ಜಿ ಉಜ್ಜಿ ಮೂಡಿದ ಗುರುತು.

ಇಬ್ಬರ ಉಸಿರಿನ ನಡುವೆ ಪಿಟೀಲೊಂದೇ…

"ನನಗ ಪಿಟೀಲು ಬ್ಯಾಡ್ರಿ," ಅವಳು ನೆಟ್ಟಗೆ ನಿಂತಳು. "ಅಜ್ಜಂದು ಈ ಗೀರೊಂದ ಉಳಿದೈತಿ. ಅಳಸಬ್ಯಾಡ್ರಿ."

ಆತ ತಲೆ ತಗ್ಗಿಸಿದ. ಒಂದು ಮಾತೂ ಆಡಲಿಲ್ಲ.

'ದೊಡ್ಡ ಮಂದಿ… ನಮ್ಮ ಮಾತು ಯಾಕ ಕೇಳ್ತಾರ?' ಎಂದುಕೊಳ್ಳುತ್ತಲೇ ಅವಳು ಬಸ್ಸು ಹತ್ತಿದಳು. ಆದರೂ ಆ ತಗ್ಗಿದ ತಲೆ ಕಣ್ಣಿಂದ ಸರಿಯಲಿಲ್ಲ.

ಕೆಲವು ವಾರ ಕಳೆದು, ಅಂಗಳದಲ್ಲಿ ಗೋವಿನಜೋಳ ಒಣಗುತ್ತಿದ್ದ ಹೊತ್ತಿಗೆ ಅವ್ವ ಶಿವಬಸವ್ವ ಕೂಗಿದಳು: "ಏ ಸುಧಾ, ಸವಣೂರ ಪಿಟೀಲಿನವ ಬಂದಾನ! ಬಿಸಲಾಗ ಬದನಿಕಾಯಿ ಸುಟ್ಟಂಗ ಆಗ್ಯಾನ ನೋಡ."

ಗೀರು ಹೋಗಿದ್ದರೆ…? ಅವಳು ಓಡುತ್ತ ಹೊರಗೆ ಬಂದಳು.

ಸುಶೀಂದ್ರ ಪೆಟ್ಟಿಗೆ ತೆರೆದು ಪಿಟೀಲನ್ನು ಬೋರಲು ಹಿಡಿದ. ಗೀರು ಇತ್ತು! ಅವಳ ಬೆರಳು ಅದರ ಮೇಲೆ ಮೆಲ್ಲಗೆ ಆಡಿತು.

"ಅವತ್ತ ಯಾಕ ಸುಮ್ಮನ ಕುಂತ್ರಿ?"

"ತಾವ ಬಂದು ತಿರುಗಿ ಕೊಟ್ಟಂಥವರ ಗುರುತು ಅಳಸಲಿಕ್ಕೆ ಹೊಂಟಿದ್ದೆ. ನಾಚಿಕಿ ಬಂದು ಮಾತೇ ಹೊರಡಲಿಲ್ಲ." ಆತ ನಿಧಾನವಾಗಿ ತಲೆಯೆತ್ತಿದ. "ಈಗ ಎಲ್ಲಾ ಕಡೆ ಫಕ್ಕೀರಪ್ಪಜ್ಜಾರ ಹೆಸರು ಹೇಳೇ ಬಾರಸ್ತೇನಿ. ಆದರ ನನ್ನ ಹೆಸರಿನ ಜೋಡಿ ನಿಮ್ಮ ಹೆಸರೂ ಹೇಳಬೇಕಂತ ಆಸೆ ಅದ…"

"ನನಗ ಬಾರಸಾಕ ಬರೂದಿಲ್ಲಲ್ರೀ!"

"ತಪ್ಪಿದ್ರ ಎದ್ದು ನಿಂತು ಹೇಳ್ಲಿಕ್ಕೆ ಬರ್ತದಲ್ಲ. ಜೀವನಪೂರ್ತಿ ಹೇಳ್ತೀರೇನು?"

ಒಳಗಿನಿಂದ ಅವ್ವ ಕೆಮ್ಮಿದಳು. "ಕೇಳೇತಿ, ಕೇಳೇತಿ. ಮೊದಲ ಚಾ ಕುಡೀರಿ!"

ಸುಧಾರಾಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಹಂಗಾದ್ರ ದಿನಾ ಒಂದು ತಪ್ಪು ಮಾಡ್ರಿ."

"ಮಾಡ್ತೇನಿ."

"ತಿದ್ದಾಕ ನಾ ಅದೇನಿ…"