ಎಡಗಣ್ಣು ಮುಚ್ಚಿದ ದಿನ

ಸತ್ತೇಗಾಲದಿಂದ ಕೊಳ್ಳೇಗಾಲಕ್ಕೆ ಹೊರಟ ಬಸ್ಸಿನಲ್ಲಿ ಎದುರು ಸೀಟಿನವನು ಕೋಮಲಳತ್ತ ಕಣ್ಣು ಹೊಡೆದ. ಒಂದು ಸಲವಲ್ಲ, ಮತ್ತೆ ಮತ್ತೆ! ಸಾಲದ್ದಕ್ಕೆ ಓರೆ ನಗು ಬೇರೆ. ಅವಳ ಮೈಯೆಲ್ಲ ಉರಿದುಹೋಯಿತು.

"ಏನ್ರೀ, ಮನೇಲಿ ಅಕ್ಕತಂಗೀರಿಲ್ವಾ?"

ಇಡೀ ಬಸ್ಸು ತಿರುಗಿ ನೋಡಿತು. ಅವನು ಏನೋ ಹೇಳಹೋಗಿ ತೊದಲಿದ. "ಕುಡ್ದವ್ನೆ" ಎಂದು ಕಂಡಕ್ಟರ್ ದಾರಿಯಲ್ಲೇ ಇಳಿಸಿಬಿಟ್ಟ. ಹಾಗೇ ಆಗಬೇಕು ಎಂದುಕೊಂಡಳು ಕೋಮಲ.

ಮಧ್ಯಾಹ್ನ ಅವಳ ಫಿಸಿಯೋಥೆರಪಿ ಕ್ಲಿನಿಕ್ಕಿನ ಬಾಗಿಲಲ್ಲಿ ಅದೇ ಮನುಷ್ಯ! ಕಾಲೆಲ್ಲ ಧೂಳು.

"ಬಸವಕುಮಾರ್ ಅಂತ. ಮುಖದ ಎಡಭಾಗ ಸ್ವಾಧೀನ ಇಲ್ಲ ಮೇಡಂ. ರೆಪ್ಪೆ ಬಡುದ್ರೆ ಬಲಗಣ್ಣೊಂದೇ ಮುಚ್ಕತದೆ. ಅದ್ಕೆ ಬಿಸ್ಲಲ್ಲಿ ಇಳಿಸ್ಬುಟ್ರಲ್ಲ, ನ್ಯಾಯ್ವಾ?"

ಥೂ, ಇದನ್ನೇ ಓದಿದವಳಿಗೆ ಇದೇ ಗೊತ್ತಾಗಲಿಲ್ಲವೇ! ತನ್ನ ಮೇಲೇ ಸಿಟ್ಟು ಬಂತು. ಕ್ಷಮೆ ಕೇಳಲು ಹೋದರೆ ಬಾಯಿಂದ ಬಂದದ್ದು ಗದರಿಕೆ.

"ಸ್ನಾಯು ಸತ್ತಿಲ್ಲ ಕಣ್ರೀ! ರೇಷ್ಮೆ ನೂಲಿನಂಗೆ ಸಣ್ಣ ಸಣ್ಣ ಎಳೆ ಸೇರಿ ಆಗಿರೋದು. ನರ ಹೇಳಿದ್ರೆ ಎಳೆಗಳು ಕುಗ್ತವೆ, ಕಣ್ಣು ಮುಚ್ಚುತ್ತೆ. ಈಗ ನರಕ್ಕೇ ಬಾವು, ಹೇಳೋರಿಲ್ಲ. ಗುಂಡಿಗೆ ಸ್ನಾಯು ನಮ್ಮ ಮಾತು ಕೇಳಲ್ಲ, ಮುಖದ್ದು ಕೇಳುತ್ತೆ. ಕನ್ನಡಿ ನೋಡ್ಕೊಂಡು ಕೇಳಿಸ್ಬೇಕು."

ವಾರಗಟ್ಟಲೆ ಬಂದ. ಅವಳ ಬೆರಳು ಅವನ ಹುಬ್ಬಿನ ಮೇಲೆ, ಅವನ ನೋಟ ಕನ್ನಡಿಯಲ್ಲಿ ಅವಳ ಮೇಲೆ. "ಕನ್ನಡೀಲಿ ನಿಮ್ಮ ಮುಖ ನೋಡ್ಕೊಳ್ರೀ" ಎಂದು ರೇಗುತ್ತಿದ್ದಳು. ಅವನ ತುಟಿ ತುಸು ನೇರವಾಗಿ ನಕ್ಕರೆ ಅವಳಿಗೇ ಹಬ್ಬ.

"ಬಸ್ಸಲ್ಲಿ ಬಂದ್ರಾ?" ಒಂದು ದಿನ ಕೇಳಿದಳು.

"ಸೈಕಲ್ಲು. ಆ ಬಸ್ ಅತ್ತಕ್ಕಿಲ್ಲ ನಾನು. ಊರೆಲ್ಲ ಪೋಲಿ ಅಂತದೆ."

 ಮರುದಿನ ಸತ್ತೇಗಾಲದಲ್ಲಿ ಅವನ ತೋಳು ಹಿಡಿದು ಅದೇ ಬಸ್ಸು ಹತ್ತಿಸಿ ಸೀಟಿನಲ್ಲಿ ಕೂರಿಸಿದಳು. ನಡುವೆ ನಿಂತು ಕೂಗಿದಳು:

"ಎಲ್ರೂ ಕೇಳಿ! ಅವತ್ತು ಇವರು ಕುಡಿದಿರಲಿಲ್ಲ, ಕಣ್ಣೂ ಹೊಡೀಲಿಲ್ಲ. ಕಾಯಿಲೆಯವರನ್ನ ಇಳಿಸಿದ್ರಿ. ಇಳಿಸೋ ಹಂಗೆ ಮಾಡಿದವಳು ನಾನು. ಬೈಯೋದಿದ್ರೆ ನನ್ನ ಬೈರಿ!"

 ಬಸವಕುಮಾರ್ ಅವಳನ್ನೇ ನೋಡಿದ. ಬಲಗಣ್ಣು ತೆರೆದೇ ಇತ್ತು. ಎಡ ರೆಪ್ಪೆ ನಡುಗಿತು, ಮೆಲ್ಲಗೆ ಇಳಿಯಿತು, ಪೂರ್ತಿ ಮುಚ್ಚಿತು.

"ಈ ಸಲ ಬೇಕಂತ್ಲೇ ಕಣ್ ಒಡ್ದುದ್ದು" ಎಂದ. "ಇದು ನನ್ ಮಾತು ಕೇಳ್ತು ಮೇಡಂ. ಗುಂಡಿಗೆ ಕೇಳ್ತಾ ಇಲ್ಲ."

ಕಂಡಕ್ಟರ್ ಕೆರಳಿದ. "ಈಗಂತೂ ಕಣ್ಣಾರೆ ಕಂಡೆ! ಇಳಿಸ್ಬುಡ್ಲೇನವ್ವ?"

"ಇಳಿಸಿ ನೋಡಿ!" ಕೋಮಲ ಬಸವಕುಮಾರನ ಪಕ್ಕದಲ್ಲೇ ಧೊಪ್ಪನೆ ಕೂತಳು. "ನಾನೂ ಇಳೀತೀನಿ."