ಅರ್ಧ ಬಗೆತ್‌ಗೆ ಒಂದೇ ತುದಿ

ಧಡ್! ಧಡ್! ಧಡ್!

ಬಾಗಿಲು ಮುರಿದೇ ಹೋಗುತ್ತೇನೋ ಅನ್ನುವ ಹಾಗೆ ಯಾರೋ ಬಡಿಯುತ್ತಿದ್ದರು. ಜುಲೈ ತಿಂಗಳ ಸುಡು ಮಧ್ಯಾಹ್ನ. ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ನಮ್ಮ ಮೊಂಬ್ರಾಕ್ ಊರಿಗೆ ಊರೇ ಮಲಗಿತ್ತು.

ಸೆವರೀನ್ ಎದ್ದು ಬಂದು ಬಾಗಿಲು ತೆಗೆದಳು. ಎದುರಿಗೆ ಬೆವರಲ್ಲಿ ತೊಯ್ದು ತೊಪ್ಪೆಯಾದ ಗಂಡಸು. ಅವನ ಹಿಂದೆ ಗೋಡೆಗೆ ಒರಗಿಸಿದ ಸೈಕಲ್, ಅದರ ಎರಡೂ ಬದಿಗೆ ಹಳದಿ ಚೀಲಗಳು.

"ಇಗರ್ಜಿ ಕೀಲಿ ನಿಮ್ಮ ಹತ್ರ ಇದೆಯಂತೆ. ಕೊಡ್ತೀರಾ?"

ಸೆವರೀನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೊಂಜೂರ್."

"ಹಾಂ... ಅದೇ, ಕೀಲಿ..."

"ಬೊಂಜೂರ್, ಮೊಸಿಯೆ!"

ಆಗ ಅವನಿಗೆ ತಪ್ಪು ಹೊಳೆಯಿತು. ಮೊದಲು ನಮಸ್ಕಾರ ಹೇಳದೆ ಬಾಯಿ ತೆರೆದವನಿಗೆ ನಮ್ಮ ಕಡೆ ಕುಡಿಯಲು ನೀರೂ ಹುಟ್ಟುವುದಿಲ್ಲ, ಇನ್ನು ಕೀಲಿ ಎಲ್ಲಿಂದ!

ಅವನು ಏನು ಮಾಡಿದ ಗೊತ್ತೇ? ಮೆಟ್ಟಿಲಿಳಿದು ಹೋದ. ಹೆಲ್ಮೆಟ್ ತೆಗೆದು ಕೂದಲು ಸರಿ ಮಾಡಿಕೊಂಡ. ಮತ್ತೆ ಹತ್ತಿ ಬಂದು ಒಂದೇ ಬೆರಳಿನಿಂದ ಮೆಲ್ಲಗೆ ಬಾಗಿಲು ತಟ್ಟಿದ. ಅದೂ ತೆರೆದೇ ಇದ್ದ ಬಾಗಿಲನ್ನು!

"ಬೊಂಜೂರ್ ಮದಾಮ್. ನನ್ನ ಹೆಸರು ತಿಬೋ. ನಾಂತ್‌ನಲ್ಲಿ ಸಿಟಿ ಬಸ್ ಓಡಿಸ್ತೀನಿ. ಈ ಬಿಸಿಲಿಗೆ ಮರ್ಯಾದೆ ಎಲ್ಲೋ ಕರಗಿ ಹೋಯ್ತು, ಕ್ಷಮಿಸಿ."

ಸೆವರೀನ್‌ಗೆ ನಗು ಉಕ್ಕಿತು. ತುಟಿ ಕಚ್ಚಿ ತಡೆದುಕೊಂಡಳು.

'ಅಯ್ಯೋ... ನಾನು ಕೊನೇ ಸಲ ನಕ್ಕಿದ್ದು ಯಾವಾಗ?'

ಅವಳಿಗೆ ನೆನಪಾಗಲಿಲ್ಲ.

ಸೆವರೀನ್‌ಗೆ ನಲವತ್ತು ದಾಟಿತ್ತು. ಸೆಲೆ ನದಿಯ ದಂಡೆಯ ಮೇಲೆ ಮನೆ. ಮಹಡಿಯ ಎರಡು ಕೋಣೆಗಳನ್ನು ಸೈಕಲ್ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಿದ್ದಳು. ಊರ ಹಳೇ ಇಗರ್ಜಿಯ ಕೀಲಿ ಅವಳ ತಾಯಿಯ ಕಾಲದಿಂದಲೂ ಆ ಮನೆಯ ಮೊಳೆಗೇ ನೇತುಬಿದ್ದಿತ್ತು. ಗಂಡ ತುಲೂಸ್‌ನ ಯಾವಳನ್ನೋ ಕಟ್ಟಿಕೊಂಡು ಹೋಗಿ ವರ್ಷಗಳೇ ಆಗಿದ್ದವು. ಅತ್ತು ಕರೆದು ರಂಪ ಮಾಡಿದವಳಲ್ಲ ಇವಳು. ಅವನು ಹೋದ ಮಾರನೆಯ ದಿನ, ಬ್ರೆಡ್ ಗಾಡಿ ಬಂದು ಹಾರ್ನ್ ಹೊಡೆದಾಗ ಹೊರಗೆ ಬಂದು, ತಲೆ ತಗ್ಗಿಸಿ, "ಅರ್ಧ ಸಾಕು" ಅಂದಿದ್ದಳು, ಅಷ್ಟೇ.

ಬ್ರೆಡ್ ಮಾರುವ ಜಿನೆಟ್ ಏನೂ ಕೇಳಲಿಲ್ಲ. ಉದ್ದನೆಯ ಬಗೆತ್ ಬ್ರೆಡ್ಡನ್ನು ನಡುವಿಗೆ ಕತ್ತರಿಸಿ ಕೊಟ್ಟಳು. ಅರ್ಧ ಬಗೆತ್ ಕೊಳ್ಳುವವರು ಯಾರು ಎಂದು ನಮ್ಮ ಕಣಿವೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ವಿಧವೆಯರು, ವಿಧುರರು, ಬಿಟ್ಟುಹೋದವರ ಹಿಂದೆ ಉಳಿದವರು.

ಇಗರ್ಜಿಯೊಳಗೆ ತಣ್ಣಗಿತ್ತು. ಗೋಡೆಯ ತುಂಬ ಮದುವೆ ಊಟದ ಹಳೇ ಚಿತ್ರ. ತಿಬೋ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ.

"ಮದುಮಗಳು ಇದ್ದಾಳೆ... ಮದುಮಗ ಎಲ್ಲಿ?"

"ಅವನನ್ನ ತೇವ ತಿಂದುಬಿಡ್ತು. ಆ ಕಡೆ ಗೋಡೆ ಸೋರುತ್ತೆ."

"ಪಾಪ... ಪಕ್ಕದ ಜಾಗ ಖಾಲಿ ಇಟ್ಕೊಂಡು ಇಷ್ಟು ವರ್ಷ ಕೂತಿದ್ದಾಳಲ್ಲ ಈಕೆ!"

ಊರವರು ಇದೇ ಚಿತ್ರ ತೋರಿಸಿ, "ನೋಡೇ, ನಿನ್ನ ಅಕ್ಕ!" ಎಂದು ಸೆವರೀನ್‌ಳನ್ನು ಎಷ್ಟೋ ಸಲ ರೇಗಿಸಿದ್ದರು. ಇವನು ಮಾತ್ರ ಆ ಮದುಮಗಳಿಗೆ ಪಾಪ ಅಂದಿದ್ದ. ಸೆವರೀನ್ ಬೇಗ ಹೊರಗೆ ಬಂದು ಬಿಸಿಲಲ್ಲಿ ನಿಂತಳು.

ಆ ಸಂಜೆಯೇ ಅವನು ಹೊರಡಬೇಕಿತ್ತು. ಆದರೆ ಹಿಂದಿನ ಚಕ್ರದ ಕಡ್ಡಿ ಮುರಿದಿತ್ತು, ಹೊಸ ಕಡ್ಡಿ ಫಿಜಾಕ್ ಪೇಟೆಯಿಂದ ಬರಬೇಕಿತ್ತು. ಮಹಡಿಯ ಕೋಣೆ ಖಾಲಿಯೇ ಇತ್ತಲ್ಲ, ಅಲ್ಲಿಯೇ ಉಳಿದ.

ರಾತ್ರಿ ಊಟಕ್ಕೆ ಕೂತಾಗ ಸೆವರೀನ್‌ಗೆ ನಾಚಿಕೆಯಾಯಿತು. ಮೇಜಿನ ಮೇಲೆ ಟೊಮೆಟೊ ಇತ್ತು, ಆಡಿನ ಹಾಲಿನ ಚೀಸ್ ಇತ್ತು, ಬ್ರೆಡ್ ಮಾತ್ರ ಅರ್ಧ!

"ಇಷ್ಟೇ ಇರೋದು..."

"ಸಾಕು ಬಿಡಿ. ಆದ್ರೆ ತುದಿ ಮಾತ್ರ ನನಗೆ! ಚಿಕ್ಕಂದಿನಲ್ಲಿ ತುದಿಗೋಸ್ಕರ ನಮ್ಮಕ್ಕನ ಜೊತೆ ಹೊಡೆದಾಡ್ತಿದ್ದೆ."

"ಆಗಲ್ಲ. ತುದಿ ನನಗೂ ಇಷ್ಟ."

"ಅರ್ಧಕ್ಕೆ ಒಂದೇ ತುದಿ, ಮದಾಮ್. ಈಗೇನು ಮಾಡೋಣ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸೆವರೀನ್ ಆ ಗರಿಗರಿ ತುದಿಯನ್ನು ಮುರಿದು ಅವನ ತಟ್ಟೆಗೆ ಹಾಕಿದಳು. ತನ್ನದು ಅಂತ ಇದ್ದ ಏನನ್ನಾದರೂ ಇನ್ನೊಬ್ಬರಿಗೆ ಕೊಟ್ಟು ಎಷ್ಟು ಕಾಲವಾಗಿತ್ತು! ಅವಳಿಗೆ ಒಳಗೊಳಗೇ ಹಿಗ್ಗಾಯಿತು, ಹಿಂದೆಯೇ ಹೆದರಿಕೆಯೂ ಆಯಿತು.

ಕಡ್ಡಿ ಬರುವವರೆಗೆ ಅವನು ಸುಮ್ಮನೆ ಕೂರಲಿಲ್ಲ. ಕೋಳಿಗೂಡಿನ ಬಾಗಿಲು ರಿಪೇರಿ ಮಾಡಿದ. ಅವಳ ತಾಯಿಯ ಕಾಲದ ಸೈಕಲ್ಲಿಗೆ ಎಣ್ಣೆ ಬಿಟ್ಟ. ಅದರ ಮೇಲೆ ಅವಳನ್ನೂ ಹತ್ತಿಸಿ ನದಿಯ ದಾರಿಯಲ್ಲಿ ಕರೆದುಕೊಂಡು ಹೋದ. ಬಂಡೆಯ ಗವಿಗಳಿಗೆ ಕಲ್ಲು ಕಟ್ಟಿ ಮಾಡಿದ ಹಳೇ ಕೋಟೆಯ ಕೆಳಗೆ ಕೂತು ಒಂದು ಮಾತು ಹೇಳಿದ.

"ದಿನಕ್ಕೆ ನೂರಾರು ಜನ ನನ್ನ ಬಸ್ ಹತ್ತಿ ಬೊಂಜೂರ್ ಅಂತಾರೆ ಸೆವರೀನ್. ಮನೆಗೆ ಹೋದ್ರೆ ಹೇಳೋಕೆ ಯಾರೂ ಇಲ್ಲ. ಅದಕ್ಕೇ ರಜಾ ಬಂದ್ರೆ ಸೈಕಲ್ ಹತ್ತಿಬಿಡ್ತೀನಿ."

ಸೆವರೀನ್‌ಗೆ 'ನನಗೂ ಅಷ್ಟೇ' ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಹೊರಡುವ ಬೆಳಿಗ್ಗೆ ಅವನು ಫೋನ್ ನಂಬರ್ ಕೇಳಿದ.

"ಯಾಕೆ? ಹೋಗೋರೆಲ್ಲ ಕೇಳ್ತಾರೆ. ಯಾರೂ ಮಾಡಲ್ಲ," ಎಂದಳು ಒರಟಾಗಿ.

ಅವನ ಮುಖ ಸಣ್ಣಗಾಯಿತು. "ಸರಿ... ಅಕ್ರೋಟು ಉದುರೋ ಹೊತ್ತಿಗೆ ನಾನೇ ಬರ್ತೀನಿ."

"ಹಾಗಂತಾನೂ ಎಲ್ಲರೂ ಹೇಳ್ತಾರೆ."

ಹಳದಿ ಚೀಲಗಳು ತಿರುವಿನಲ್ಲಿ ಮರೆಯಾದವು. ಸೆವರೀನ್ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

'ಬುದ್ಧಿ ಇದೆಯೇನೇ ನಿನಗೆ? ಒಂದು ನಂಬರ್ ಕೊಟ್ಟಿದ್ದರೆ ಗಂಟು ಹೋಗುತ್ತಿತ್ತಾ?'

ಅಂದು ಜಿನೆಟ್‌ಳ ಹಾರ್ನ್ ಕೇಳಿ ಹೊರಬಂದವಳು ತನಗೇ ಗೊತ್ತಿಲ್ಲದೆ, "ಒಂದು ಇಡೀ ಬಗೆತ್ ಕೊಡಿ," ಅಂದುಬಿಟ್ಟಳು!

ಜಿನೆಟ್‌ಳ ಹುಬ್ಬು ಹಣೆಗೇರಿತು. "ಓಹೋ! ಒಳ್ಳೇದಾಯ್ತು ಬಿಡಮ್ಮ!"

ಅಷ್ಟೇ ಸಾಕಾಯಿತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಸೆವರೀನ್ ಮನೆಯಲ್ಲಿ ಗಂಡಸಿದ್ದಾನಂತೆ! ಯಾರಿಗೂ ಮುಖ ತೋರಿಸುವುದಿಲ್ಲವಂತೆ! ಮದುವೆಯಾದವನೇ ಇರಬೇಕಂತೆ!

ಸೆವರೀನ್ ಇಲ್ಲವೆನ್ನಲಿಲ್ಲ. ಏನೆಂದು ಹೇಳುವುದು? ದಿನವೂ ಎರಡು ತಟ್ಟೆ ಇಡುತ್ತೇನೆ, ಒಂದು ತುದಿ ನಾನು ತಿನ್ನುತ್ತೇನೆ, ಇನ್ನೊಂದನ್ನು ಬರದವನ ತಟ್ಟೆಯಲ್ಲಿಟ್ಟು, ಬೆಳಿಗ್ಗೆ ನೆನೆಸಿ ಕೋಳಿಗೆ ಹಾಕುತ್ತೇನೆ ಎಂದೇ? ಜನ ನಗುವುದಿಲ್ಲವೇ?

ಆಗಸ್ಟ್ ಕಳೆಯಿತು. ಪ್ರವಾಸಿಗಳು ಖಾಲಿಯಾದರು. ಕೀಲಿ ಕೇಳಲು ಬರುವವರೂ ನಿಂತರು. ಮಾತಾಡದೆ ಇಡೀ ದಿನ ಕಳೆದು, ಸಂಜೆ ಕೋಳಿಗಳನ್ನು ಕರೆಯುವಾಗ ತನ್ನ ದನಿ ಕೇಳಿ ತಾನೇ ಬೆಚ್ಚುತ್ತಿದ್ದಳು. ರಸ್ತೆಯಲ್ಲಿ ಸೈಕಲ್ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಿದ್ದಳು. ಅಂಚೆಯವನೋ, ಇನ್ಯಾರೋ...

ಹಿತ್ತಲ ಮರದ ಅಕ್ರೋಟು ಉದುರಿತು. ಬೆಳಿಗ್ಗೆ ಬೆಳಿಗ್ಗೆ ಒದ್ದೆ ಹುಲ್ಲಲ್ಲಿ ಬಗ್ಗಿ ಒಬ್ಬಳೇ ಆರಿಸಿದಳು. ಸಿಪ್ಪೆಯ ಕರೆಗೆ ಬೆರಳೆಲ್ಲ ಕಪ್ಪಾದವು. ತೊಳೆದದ್ದಾಯಿತು, ಅಟ್ಟದ ಮೇಲೆ ಹರವಿ ಒಣಗಿಸಿದ್ದಾಯಿತು. ಮರ ಬೋಳಾಗಿ ನಿಂತಿತು. ಅವನು ಬರಲಿಲ್ಲ.

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಸಮಾಧಿಗಳಿಗೆ ಹೂವಿಡುವ ಹಬ್ಬಕ್ಕೆಂದು ಜಿನೆಟ್ ಗಾಡಿಯಲ್ಲಿ ಸೇವಂತಿಗೆ ಕುಂಡಗಳನ್ನೂ ತಂದಿದ್ದಳು. ಸೆವರೀನ್ ತಾಯಿಯ ಸಮಾಧಿಗೆ ಒಂದು ಕುಂಡ ಆರಿಸಿಕೊಂಡಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು:

"ಇವತ್ತಿಂದ ಮತ್ತೆ ಅರ್ಧ ಸಾಕು, ಜಿನೆಟ್."

ಜಿನೆಟ್‌ಳ ಚಾಕು ಗಾಳಿಯಲ್ಲೇ ನಿಂತಿತು. "ಯಾಕೆ ಮಗಳೇ? ಅವನೂ ಬಿಟ್ಟು ಹೋದನಾ?"

"ಯಾರೂ ಇರಲಿಲ್ಲ."

"ಮುಚ್ಚಿಡಬೇಡ! ಜುಲೈಯಿಂದ ಇಡೀ ಬಗೆತ್..."

"ಕೋಳಿಗೆ, ಜಿನೆಟ್! ಕೋಳಿಗೆ ಹಾಕಿದೆ!" ಸೆವರೀನ್‌ಳ ಅಳು ಕಟ್ಟೆಯೊಡೆಯಿತು. "ಬರ್ತೀನಿ ಅಂದಿದ್ದ ಒಬ್ಬ. ನಂಬಲ್ಲ ಅಂತ ಅವನ ಮುಖಕ್ಕೇ ಹೇಳಿದೆ. ಹೇಳಿ, ದಿನಾ ಅವನ ಪಾಲಿನ ಬ್ರೆಡ್ ಇಟ್ಕೊಂಡು ಕಾದೆ... ನಾನೊಬ್ಬಳು ಹುಚ್ಚಿ!"

ಜಿನೆಟ್ ಬಿಳಿಚಿಕೊಂಡಳು. ಮೆಲ್ಲಗೆ ಬಾಯಿಯ ಮೇಲೆ ಕೈಯಿಟ್ಟಳು.

"ಅವನ ಸೈಕಲ್ಲಿಗೆ... ಹಳದಿ ಚೀಲ ಇದ್ವಾ?"

"ನಿಮಗೆ ಹೇಗೆ ಗೊತ್ತು?!"

"ಅಯ್ಯೋ ದೇವರೇ! ಈಗ ತಾನೇ ಮೇಲಿನ ಸೇತುವೆ ಹತ್ರ ಸಿಕ್ಕಿದ್ದ ಕಣೇ! ಸೆವರೀನ್ ಹೇಗಿದ್ದಾರೆ ಅಂದ. ಅವಳಿಗೇನಪ್ಪ ಕಮ್ಮಿ, ಈಗ ಇಡೀ ಬಗೆತ್ ತಗೋತಾಳೆ, ಮನೇಲಿ ಗಂಡಸಿದ್ದಾನೆ ಅಂದೆ. ಪಾಪ, ಮೆರ್ಸಿ ಅಂತ ವಂದನೆ ಹೇಳಿ ಸೈಕಲ್ ತಿರುಗಿಸಿಕೊಂಡು ಹೋಗಿಬಿಟ್ಟ!"

ಸೆವರೀನ್‌ಳ ಕೈಯಿಂದ ಸೇವಂತಿಗೆ ಕುಂಡ ಜಾರಿ ಬಿತ್ತು.

'ಬಂದಿದ್ದ... ನಿಜವಾಗಿ ಬಂದಿದ್ದ!'

"ನಿಂತು ಏನು ನೋಡ್ತೀಯಾ? ಹತ್ತೇ ಗಾಡಿ!"

ಬ್ರೆಡ್ ಗಾಡಿ ಕಣಿವೆಯ ರಸ್ತೆಯಲ್ಲಿ ಹಾರಿತು. ಜಿನೆಟ್ ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಹಾರ್ನ್ ಕೇಳಿದ್ದೇ ತಡ, ಮನೆಮನೆಯಿಂದ ಜನ ಚೀಲ ಹಿಡಿದು ಹೊರಗೆ ಬಂದರು! ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದ ಮುದುಕ ಫೆರ್ನಾಂ, "ಏಯ್! ನನ್ನ ಬ್ರೆಡ್ಡು!" ಎಂದು ಕೂಗಿಕೊಂಡ.

"ಇವತ್ತು ಗಂಜಿ ಕುಡಿ!" ಎಂದು ಜಿನೆಟ್ ಕಿಟಕಿಯಿಂದ ಅರಚಿದಳು.

ಬಂಡೆಕೋಟೆಯ ಕೆಳಗಿನ ಏರಿನಲ್ಲಿ ಅವನು ಕಂಡ. ಸೈಕಲ್ ಹತ್ತಲೂ ಮನಸ್ಸಿಲ್ಲದೆ ತಳ್ಳಿಕೊಂಡು ಹೋಗುತ್ತಿದ್ದ. ಹಾರ್ನ್ ಕೇಳಿ, ತಿರುಗಿಯೂ ನೋಡದೆ, ಗಾಡಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಸೆವರೀನ್ ಕೈಗೆ ಸಿಕ್ಕಿದ ಬಗೆತ್ ಹಿಡಿದು ಧುಮುಕಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತೇ ಹೋದವು.

"ಕೋಳಿ!" ಎಂದಳು ಏದುಸಿರು ಬಿಡುತ್ತ.

"ಏನು?"

"ಮನೇಲಿ ಯಾವ ಗಂಡಸೂ ಇಲ್ಲ. ಕೋಳಿಗಳಿವೆ. ನಿಮ್ಮ ಪಾಲಿನ ಬ್ರೆಡ್ ಅವೇ ತಿಂದ್ವು... ಅಕ್ರೋಟು ಯಾವತ್ತೋ ಉದುರಿಹೋಯ್ತು, ಯಾಕೆ ಬರಲಿಲ್ಲ?"

"ಶಾಲೆಗೆ ರಜಾ ಬಂದು ಬಸ್ ಕಮ್ಮಿಯಾದ ಮೇಲೇನೇ ನನಗೆ ರಜಾ ಕೊಟ್ಟಿದ್ದು. ಹೇಳೋಣ ಅಂದ್ರೆ ನಂಬರ್ ಇರಲಿಲ್ಲ." ಅವನ ಕಣ್ಣು ಕೆಂಪಾಗಿತ್ತು. "ಇಡೀ ಬಗೆತ್ ಅಂದ್ರಲ್ಲ ಆಕೆ... ನಿಮ್ಮ ಸುಖಕ್ಕೆ ಅಡ್ಡ ಬರಬಾರದು ಅನ್ನಿಸಿತು."

"ನನಗೆ ಎಂಥ ಸುಖ? ನಿನ್ನ ತಟ್ಟೆ ಎದುರಿಗಿಟ್ಟುಕೊಂಡು ಒಬ್ಬಳೇ ಊಟ ಮಾಡಿದ್ದೀನಿ, ತಿಬೋ! ನನಗೆ ನೀನು ಬೇಕು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳ್ತಿದ್ದೀನಿ."

'ನೀವು' ಹೋಗಿ 'ನೀನು' ಆದದ್ದು ಇಬ್ಬರಿಗೂ ಕೇಳಿಸಿತು. ತಿಬೋ ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿದ. ಹೆಲ್ಮೆಟ್ ತೆಗೆದ. ಕೂದಲು ಸರಿ ಮಾಡಿಕೊಂಡ.

"ಬೊಂಜೂರ್, ಸೆವರೀನ್."

ಅವಳು ಅಳುತ್ತಲೇ ನಕ್ಕಳು. ಬಗೆತ್‌ನ ಒಂದು ತುದಿ ಮುರಿದು ಅವನ ಕೈಗಿತ್ತಳು, ಇನ್ನೊಂದನ್ನು ತಾನು ಮುರಿದುಕೊಂಡಳು. ನಡುರಸ್ತೆಯಲ್ಲಿ ನಿಂತು ಇಬ್ಬರೂ ತಿಂದರು.

"ಮತ್ತೆ ನಾಂತ್‌ಗೆ ಹೋಗ್ತೀಯಾ?" ಎಂದು ಕೇಳಿದಳು.

"ಹೋಗಬೇಕು. ಫಿಜಾಕ್‌ನಲ್ಲೂ ಬಸ್ ಓಡ್ತವಲ್ಲ, ಕೆಲಸ ಕೇಳಿ ನೋಡ್ತೀನಿ. ಅಲ್ಲೀತನಕ... ನಂಬರ್ ಕೊಡ್ತೀಯಾ?"

ಸೆವರೀನ್ ಬಾಯಲ್ಲಿ ಬ್ರೆಡ್ ಇಟ್ಟುಕೊಂಡೇ ನಂಬರ್ ಹೇಳಿದಳು. ಅವನು ಎರಡು ಸಲ ಹೇಳಿಸಿಕೊಂಡು ಗಟ್ಟಿ ಮಾಡಿಕೊಂಡ.

ಗಾಡಿಯ ಕಿಟಕಿಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಜಿನೆಟ್ ಕೂಗಿದಳು: "ಏನಮ್ಮಾ, ನಾಳೆಗೆ ಅರ್ಧಾನಾ, ಇಡೀದಾ?"

"ಇಡೀದು!" ಎಂದ ತಿಬೋ.

"ಹಾಗಾದ್ರೆ ಕೋಳಿಗೆ?"

ಸೆವರೀನ್ ಅವನ ತೋಳು ಹಿಡಿದುಕೊಂಡಳು.

"ಅವಕ್ಕೆ ಇನ್ಮೇಲೆ ಜೋಳ ಹಾಕ್ತೀನಿ, ಜಿನೆಟ್."